ಮಾತು ಕೂತ ಮೇಜು

ನಮ್ಮ ಊರಿನಲ್ಲಿ ಹಳೆಯ ಮೇಜು ಕೊಳ್ಳಲು ಬಂದವರು ಎರಡು ಪ್ರಶ್ನೆ ಕೇಳುತ್ತಾರೆ. ಮೊದಲನೆಯದು, "ಗಟ್ಟಿ ಮರ ಹೌದೋ, ಅಲ್ಲೋ?" ಎರಡನೆಯದನ್ನು ಕೇಳುವಾಗ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ದನಿ ತಗ್ಗಿಸಿ, "ಇದರ ಮ್ಯಾಲ ಯಾರರ ಏನರ ಅಂದಾರೇನ್ರಿ?" ಎನ್ನುತ್ತಾರೆ. ಹಳೆಯ ಸಾಮಾನಿನ ಅಂಗಡಿಯ ಅಡಿವೆಪ್ಪ ಎಂದರೆ ನಾನೇ. ಮೊದಲ ಪ್ರಶ್ನೆಗೆ ಉತ್ತರ ಹೇಳುವುದು ನನ್ನ ಕಸುಬು. ಎರಡನೆಯದಕ್ಕೆ ಉತ್ತರ ದೇವರಿಗೇ ಗೊತ್ತು. ಆದರೂ ಗಂಟಲು ಸರಿಮಾಡಿಕೊಂಡು ಏನಾದರೊಂದು ಹೇಳುತ್ತೇನೆ, ಅಂಗಡಿ ನಡೆಯಬೇಕಲ್ಲ.

ಗಟ್ಟಿ ಮರದ ಮೇಜಿಗೆ ಅಂಗೈ ಊರಿ ಆಡಿದ ಮಾತು ಇಲ್ಲಿ ಕೂರುತ್ತದೆ. ಕೂತ ಮಾತು ಇವತ್ತಲ್ಲದಿದ್ದರೆ ಇನ್ನೊಂದು ದಿನ ಆಗಿಯೇ ತೀರುತ್ತದೆ. ಯಾವತ್ತು ಎಂದು ಕೇಳಿದರೆ ಹೇಳುವವರಿಲ್ಲ. ಮೇಜನ್ನು ಒಡೆದು ಒಲೆಗೆ ಹಾಕಿದರೂ ಮಾತು ಉಳಿಯುತ್ತದೆ, ಮೇಜು ಹೋಗುತ್ತದೆ ಅಷ್ಟೆ. ಪರೀಕ್ಷೆ ಮಾಡೋಣವೆಂದು ಬೇಕಂತಲೇ ಆಡಿದ್ದು ಕೂರುವುದಿಲ್ಲ, ಮೇಜು ಅಷ್ಟೊಂದು ದಡ್ಡ ಅಲ್ಲ. ಮನಸ್ಸಿನಿಂದ ಬಂದದ್ದು ಕೂರುತ್ತದೆ, ಬಾಯಿ ತಪ್ಪಿ ಬಂದದ್ದೂ ಕೂರುತ್ತದೆ. ಪ್ಲೈವುಡ್ಡಿನ ಮೇಜಾದರೆ, ಅಥವಾ ಕೆಳಗೆ ಮರದ ಹೊಟ್ಟು ಒತ್ತಿ ಮಾಡಿದ ಪುಡಿಹಲಗೆ ಇಟ್ಟು ಮೇಲೊಂದು ತೆಳ್ಳನೆಯ ಮರದ ವಿನಿಯರ್ ಹಾಳೆ ಅಂಟಿಸಿದ ಮೇಜಾದರೆ ಈ ಯಾವ ತೊಂದರೆಯೂ ಇಲ್ಲ.

ಹೀಗಾಗಿ ನಮ್ಮ ಡಾಕ್ಟರು ಎರಡೂ ಕೈಗಳನ್ನು ಕೋಟಿನ ಜೇಬಿನಲ್ಲಿಟ್ಟುಕೊಂಡೇ ಮಾತಾಡುತ್ತಾರೆ. ರೋಗಿಗಳು ಮಾತ್ರ ಬಿಡುವುದಿಲ್ಲ, "ಒಂದ ಸಲ ಮೇಜಿನ ಮ್ಯಾಲ ಕೈ ಇಟ್ಟು 'ಆರಾಮ ಆಗ್ತದ' ಅನ್ರಿ ಸಾಹೇಬ್ರ" ಎಂದು ಅಂಗಲಾಚುತ್ತಾರೆ. ಶಾಲೆಯ ಮಾಸ್ತರರು "ನೀ ಉದ್ಧಾರ ಆಗೂದಿಲ್ಲ" ಎಂದು ಬೈಯಬೇಕಾದರೆ ಹುಡುಗನನ್ನು ವರಾಂಡಕ್ಕೆ ಕರೆದುಕೊಂಡು ಹೋಗಿ ಬೈಯುತ್ತಾರೆ. ಚುನಾವಣೆಗೆ ನಿಂತವರು ವೇದಿಕೆಗೆ ತಮ್ಮದೇ ಮೇಜು ತರುತ್ತಾರೆ, ಮುಂದಿನ ಸಾಲಿನಲ್ಲಿ ಕೂತವರು ಎದ್ದು ಹೋಗಿ ಅದನ್ನು ಬೆರಳಿನಿಂದ ತಟ್ಟಿ ನೋಡಿ, ನಕ್ಕು, ಬಂದು ಕೂರುತ್ತಾರೆ. ನಾವು ಇದಕ್ಕೆಲ್ಲ ಹೊಂದಿಕೊಂಡುಬಿಟ್ಟಿದ್ದೇವೆ.

ನನ್ನ ಪಾಡು ಮಾತ್ರ ಯಾರಿಗೂ ಬೇಡ. ಮರಕ್ಕೆ ಬೆಲೆ ಕಟ್ಟಬಹುದು, ಮಾತಿಗೆ ಕಟ್ಟುವುದು ಹೇಗೆ? ಅಂಗಡಿಯ ಮೂಲೆಯಲ್ಲಿ ಒಂದು ಅಪ್ಪಟ ತೇಗದ ಮೇಜಿದೆ. ಮುಟ್ಟಿದರೆ ಬೆಣ್ಣೆ ಮುಟ್ಟಿದ ಹಾಗೆ. ಅದರ ಮೇಲೆ ಯಾರೋ ಅತ್ತೆ ತನ್ನ ಸೊಸೆಗೆ "ನಿನ್ನ ಹೊಟ್ಟ್ಯಾಗ ನಾನ ಹುಟ್ಟಿ ಬರ್ತೀನಿ" ಅಂದಿದ್ದಾಳಂತೆ. ಯಾವ ಸೊಸೆ, ಯಾವ ಅತ್ತೆ, ಹುಟ್ಟಿಬಂದಾಯಿತೋ ಇಲ್ಲವೋ, ಒಂದೂ ತಿಳಿಯದು. ಕೊಳ್ಳಲು ಬಂದ ಹೆಂಗಸರೆಲ್ಲ ಅದನ್ನು ಸವರಿ, ನಿಟ್ಟುಸಿರು ಬಿಟ್ಟು, ಪಕ್ಕದ ಪ್ಲೈವುಡ್ ಮೇಜು ಕೊಂಡುಕೊಂಡು ಹೋಗುತ್ತಾರೆ.

ದಾಕ್ಷಾಯಣಿ ಟೀಚರ್ ಹೊಲಿಗೆ ಕಲಿಸುವವರು. ಅವರ ಮನೆಯ ಮುಂದಿನ ಕೋಣೆಯೇ ಕ್ಲಾಸು. ನಡುವೆ ಒಂದು ದೊಡ್ಡ ಮೇಜು, ಅದರ ಮೇಲೆ ಬಟ್ಟೆ ಹಾಸಿ, ಸೀಮೆಸುಣ್ಣದಿಂದ ಗೆರೆ ಎಳೆದು, ಕತ್ತರಿಸುವುದು. ಈ ಕೆಲಸಕ್ಕೆ ಮೇಜಿನ ಮೇಲೆ ಕೈ ಊರಲೇಬೇಕು, ಆದ್ದರಿಂದ ಟೀಚರ್ ಪಾಠ ಮಾಡುವಾಗ ಬಾಯಿ ಬಿಡುವುದೇ ಇಲ್ಲ. ಹುಬ್ಬಿನಲ್ಲೇ ಹೇಳುತ್ತಾರೆ. ತೋಳಿನ ಅಳತೆ ತಪ್ಪಿದರೆ ಎಡ ಹುಬ್ಬು, ಕೊರಳು ಕೆಟ್ಟರೆ ಬಲ ಹುಬ್ಬು. ಹೊಸದಾಗಿ ಸೇರಿದ ಹುಡುಗಿಯರು ಮೊದಮೊದಲು ಇವರನ್ನು ಮೂಗಿ ಎಂದೇ ತಿಳಿಯುತ್ತಾರೆ. ಕತ್ತರಿ ಕೆಳಗಿಟ್ಟು ಅಂಗಳಕ್ಕೆ ಬಂದರೆ ಸಾಕು, ಟೀಚರ್ ಬಾಯಿಗೆ ತಡೆಯೇ ಇಲ್ಲ, ಅಷ್ಟು ಚೆಂದ ಮಾತಾಡುತ್ತಾರೆ.

ಇಷ್ಟಕ್ಕೆಲ್ಲ ಕಾರಣ ಅವರ ಗಂಡ ಗುರುಪಾದ. ಎಷ್ಟೋ ವರ್ಷದ ಹಿಂದೆ ಒಂದು ಬೆಳಿಗ್ಗೆ ಅವನು ಚಹಾ ಕುಡಿದು, ಲೋಟ ಇಟ್ಟು, ಇದೇ ಮೇಜಿಗೆ ಅಂಗೈ ಊರಿ ಎದ್ದು, "ಹೋಗಿ ಬರ್ತೀನಿ" ಅಂದ. ಹೋದ. ಬರಲಿಲ್ಲ. ಕಂಡವರಿಲ್ಲ, ಕೇಳಿದವರಿಲ್ಲ. ಊರಿನ ಹಿರಿಯರು ಕೆಲವು ವರ್ಷ ಕಾದು, "ತಂಗಿ, ಅಂವ ಹೋದ ಅಂತ ತಿಳಕೋ, ನಿನ್ನ ದಾರಿ ನೀ ನೋಡಕೋ" ಎಂದಿದ್ದರು. ಆದರೆ ಮೇಜು ಹಾಗೆ ಹೇಳಿರಲಿಲ್ಲವಲ್ಲ. ನಮ್ಮಲ್ಲಿ ಯಾರಾದರೂ "ಹೋಗ್ತೀನಿ" ಅನ್ನುತ್ತಾರೆಯೇ? ಅದು ಅಪಶಕುನ. ಹಾಲು ಹಾಕಿ ಹೋಗುವವನೂ, ಜಗಳಾಡಿ ಮುಖ ತಿರುಗಿಸಿ ಹೋಗುವವನೂ, ಮತ್ತೆಂದೂ ಈ ಹೊಸ್ತಿಲು ತುಳಿಯಬಾರದೆಂದು ತೀರ್ಮಾನಿಸಿದವನೂ ಅನ್ನುವುದು "ಹೋಗಿ ಬರ್ತೀನಿ" ಎಂದೇ. ಗುರುಪಾದ ಅದನ್ನು ಮನಸ್ಸಿಟ್ಟು ಅಂದನೋ, ರೂಢಿಗೆ ಅಂದನೋ, ಮೇಜಿಗೆ ಎರಡೂ ಒಂದೇ. ಗಟ್ಟಿ ಮರವಾಗಿದ್ದರೆ ಮಾತು ಕೂತಿದೆ, ಅವನು ಬಂದೇ ಬರುತ್ತಾನೆ.

ಈಗ ನನ್ನ ವಿಷಯ. ನನಗೆ ಐವತ್ತು ದಾಟಿದೆ, ಮದುವೆಯಾಗಿಲ್ಲ. ವಯಸ್ಸಿನಲ್ಲಿ ಹೆಣ್ಣು ನೋಡಲು ಹೋದ ಮನೆಗಳಲ್ಲೆಲ್ಲ ಹೆಣ್ಣಿಗಿಂತ ಮೊದಲು ಮೇಜು ನೋಡುತ್ತಿದ್ದೆ, ಅದಕ್ಕೆ ಬೆಲೆ ಕಟ್ಟಿ, ಅವಲಕ್ಕಿ ತಿಂದು ಎದ್ದು ಬರುತ್ತಿದ್ದೆ. ಹಾಗೇ ವಯಸ್ಸು ಕಳೆಯಿತು. ಆದರೆ ಹಳೆಯ ಕುರ್ಚಿಯೊಂದಕ್ಕೆ ಗವಸು ಹೊಲಿಸಲು ಟೀಚರ್ ಮನೆಗೆ ಹೋದಾಗಿನಿಂದ ನನಗೆ ಒಂದು ರೋಗ ಹತ್ತಿತು. ಇರುವ ಕುರ್ಚಿಗಳಿಗೆಲ್ಲ ಗವಸು ಹೊಲಿಸಿದೆ. ಕೊನೆಗೆ ಕುರ್ಚಿಗಳು ಮುಗಿದು, ಸಂತೆಯಲ್ಲಿ ಬಾಳೆಹಣ್ಣಿನ ಗಾಡಿಯ ಹತ್ತಿರ ಸಿಕ್ಕ ಟೀಚರ್ ಅವರನ್ನು ನಿಲ್ಲಿಸಿ, ಕೈಗೆ ಯಾವ ಮರವೂ ತಾಗದಂತೆ ನೋಡಿಕೊಂಡು, ನನ್ನನ್ನು ಮದುವೆಯಾಗುತ್ತೀರಾ ಎಂದು ಕೇಳಿಯೇಬಿಟ್ಟೆ. ಟೀಚರ್ ಸಿಟ್ಟಾಗಲಿಲ್ಲ. "ಅಡಿವೆಪ್ಪನವರ, ಮೊದಲ ಬಂದು ಆ ಮೇಜು ನೋಡ್ರಿ," ಅಂದರು. "ಗಟ್ಟಿ ಮರ ಇದ್ರ ಅಂವ ಬರ್ತಾನ. ಬರಾಂವ ಇದ್ದ ಮ್ಯಾಲ ನಾ ಇನ್ನೊಬ್ಬರಿಗೆ ಹೆಂಗ ಹೂಂ ಅನ್ಲಿ? ಹಾಳಿ ಅಂಟಿಸಿದ್ದು ಇದ್ರ ಆ ಮಾತು ಬ್ಯಾರೆ. ಇಷ್ಟ ವರ್ಷ ಯಾರಿಗೂ ತೋರಸಾಕ ಧೈರ್ಯ ಆಗಿಲ್ಲ. ನೀವ ನೋಡ್ರಿ."

ಹೀಗೆ ನನ್ನ ಬಾಳು ಒಂದು ಹಲಗೆಯ ಮೇಲೆ ನಿಂತಿತು. ಕ್ಲಾಸಿಗೆ ರಜೆಯಿದ್ದ ದಿನ ಹೋದೆ. ಕಿಸೆಯಲ್ಲಿ ಬ್ಯಾಟರಿ, ಚಾಕು, ಒಂದು ಭೂತಗನ್ನಡಿ. ಟೀಚರ್ ಮೇಜಿನ ಮೇಲಿನ ಬಟ್ಟೆ, ಕತ್ತರಿ, ಅಳತೆಪಟ್ಟಿ ಎಲ್ಲ ತೆಗೆದು ಒರೆಸಿಟ್ಟಿದ್ದರು. ಬರಿ ಮೈಯಲ್ಲಿ ನಿಂತ ಆ ಮೇಜನ್ನು ಕಂಡು ನನಗೆ ಒಳಗೊಳಗೇ ಹೆದರಿಕೆಯಾಯಿತು. ಬಣ್ಣ ಕಂದು. ಎಷ್ಟೋ ವರ್ಷದ ಸುಣ್ಣ, ಮಷಿನ್ ಎಣ್ಣೆ, ಅಂಗೈ ಬೆವರು ಕುಡಿದು ಅದು ಯಾವ ಮರದ ಬಣ್ಣವೆಂದು ಹೇಳಲು ಬರದ ಹಾಗಿತ್ತು.

ಮೊದಲು ಒಂದು ಮೂಲೆ ಹಿಡಿದು ಎತ್ತಿದೆ. ಭಾರವಿತ್ತು, ಸೊಂಟ ಹಿಡಿಯಿತು. ಗಟ್ಟಿ ಮರ ಅನ್ನಿಸಿ ಬೇಗ ಕೆಳಗಿಟ್ಟೆ. ಆದರೆ ಪುಡಿಹಲಗೆಯೂ ಕಡಿಮೆ ಭಾರವೇನಲ್ಲ, ಕೆಲವು ಸಲ ಮರಕ್ಕಿಂತ ಹೆಚ್ಚು. ಸಮಾಧಾನವಾಯಿತು. ಆಮೇಲೆ ಅಂಚು ನೋಡಿದೆ. ಗಟ್ಟಿ ಮರವಾದರೆ ಮೇಲಿನ ಗೆರೆಗಳು ಅಂಚಿನಲ್ಲಿ ಹಾಗೇ ಇಳಿದು ಮುಂದುವರಿಯಬೇಕು. ಹಾಳೆ ಅಂಟಿಸಿದ್ದಾದರೆ ಅಲ್ಲಿಗೇ ನಿಲ್ಲುತ್ತವೆ. ಎಡಗಡೆ ಗೆರೆಗಳು ಹಾಗೇ ಇಳಿದಿದ್ದವು. ಬಲಗಡೆ ಯಾರೋ ಪುಣ್ಯಾತ್ಮ ಅಂಚಿನುದ್ದಕ್ಕೂ ಒಂದು ಪಟ್ಟಿ ಬಡಿದು ಮುಚ್ಚಿಬಿಟ್ಟಿದ್ದ. ಮುಚ್ಚಿದ್ದಾನೆಂದರೆ ಮುಚ್ಚುವಂಥದ್ದೇನೋ ಇರಬೇಕು. ಇಲ್ಲವೇ ಅಂಚು ಮುರಿದಿತ್ತು, ಚೆಂದ ಕಾಣಲೆಂದು ಬಡಿದಿರಬೇಕು. ಟೀಚರ್ ಬಾಗಿಲ ಬಳಿ ನಿಂತು ನನ್ನ ಮುಖವನ್ನೇ ನೋಡುತ್ತಿದ್ದರು, ನಾನು ಮುಖವನ್ನು ಬೇರೆ ಸಂಭಾಳಿಸಬೇಕಾಯಿತು.

ಮೇಲ್ಭಾಗದಲ್ಲಿ ಒಂದು ಬಿರುಕಿತ್ತು. ಮರ ಮಳೆಗೆ ಹಿಗ್ಗಿ, ಬಿಸಿಲಿಗೆ ಕುಗ್ಗಿ ಬಿರಿಯುವುದು ಸಹಜ, ಹಾಳೆ ಹಾಗೆ ಬಿರಿಯುವುದಿಲ್ಲ. ಆದರೆ ಬಿರುಕು ಕೆಳಗಿನ ತನಕ ಹೋಗಿರಲಿಲ್ಲ. ಚಾಕುವಿನಿಂದ ಕಾಲಿನ ಒಳಬದಿಯಲ್ಲಿ ತುಸು ಕೆರೆದು ಮೂಸಿದೆ. ತೇಗವಾದರೆ ಹಳೆಯ ಚರ್ಮದಂಥ ವಾಸನೆ ಬರಬೇಕು, ಬೀಟೆಯಾದರೆ ಸಿಹಿ ವಾಸನೆ. ಇದಕ್ಕೆ ಟೀಚರ್ ಮನೆಯ ವಾಸನೆ ಬರುತ್ತಿತ್ತು, ಅದರಾಚೆ ನನ್ನ ಮೂಗಿಗೆ ಬೇರೇನೂ ತಿಳಿಯಲಿಲ್ಲ. ಅಂಗಳಕ್ಕೆ ಬಂದು, "ಈ ಮೇಜು ಎಲ್ಲಿಂದ ಬಂತ್ರಿ?" ಎಂದು ಕೇಳಿದೆ. "ಅಂವ ಪ್ರವಾಸಿ ಬಂಗ್ಲೆ ಹರಾಜಿನ್ಯಾಗ ತಂದಿದ್ದ," ಅಂದರು ಟೀಚರ್. "ಆವಾಗ್ಲೂ ಹಳೇದ ಇತ್ತು." "ಅದರ ಮ್ಯಾಲ ಆಡಿದ್ದು ಯಾವುದರ ನಿಜ ಆಗೇತೇನ್ರಿ?" ಎಂದೆ. ಟೀಚರ್ ಯೋಚಿಸಿದರು. ಒಮ್ಮೆ ಬಾಯಿ ತಪ್ಪಿ ಒಬ್ಬ ಹುಡುಗಿಗೆ ಈ ಕುಪ್ಪಸ ಬಿಗಿಯಾಗುತ್ತದೆ ಎಂದಿದ್ದರಂತೆ. ಬಿಗಿಯಾಯಿತು. ಆದರೆ ಆ ಹುಡುಗಿ ಕತ್ತರಿಸಿದ್ದೇ ಹಾಗಿತ್ತು. ಇನ್ನೊಮ್ಮೆ ಯಾರೋ ಗುರುತಿಲ್ಲದ ಮುದುಕ ಬಾಗಿಲಿಗೆ ಬಂದು, ಒಂದು ಚೀಲ ಮಾವಿನಹಣ್ಣು ಇಳಿಸಿ, "ಕೊಡ್ತೀನಿ ಅಂದಿದ್ದೆ, ತಡಾ ಆತು" ಎಂದು ಹೇಳಿ ಹೋದನಂತೆ. ಬಂಗಲೆಯಲ್ಲಿ ಆ ಮೇಜಿನ ಮೇಲೆ ಯಾವಾಗಲೋ ಆಡಿದ ಮಾತು ಇದ್ದರೂ ಇರಬಹುದು. ಮುದುಕ ಮನೆ ತಪ್ಪಿ ಬಂದಿದ್ದರೂ ಇರಬಹುದು. "ಹಣ್ಣು ಹೆಂಗಿದ್ದವು?" ಎಂದು ಕೇಳಿದೆ, ಏಕೆ ಕೇಳಿದೆನೋ. "ಭಾಳ ಸಿಹಿ ಇದ್ದವು," ಅಂದರು.

ನನ್ನ ತಲೆ ಕೆಟ್ಟು ಗೊಬ್ಬರವಾಗಿತ್ತು. ಉಳಿದದ್ದು ಒಂದೇ ಪರೀಕ್ಷೆ. ಮೇಜಿನ ಮೇಲೆ ಒಂದು ಗಂಟಿತ್ತು, ಕೊಂಬೆ ಹುಟ್ಟಿದ ಜಾಗದ ಗಂಟು, ಎಮ್ಮೆಯ ಕಣ್ಣಿನಷ್ಟು. ಗಟ್ಟಿ ಮರವಾದರೆ ಅದು ಕೆಳಗೂ ಕಾಣಬೇಕು. ಹಾಳೆಯಾದರೆ ಕೆಳಗೆ ಬೋಳು. ಇದರಲ್ಲಿ ಅನುಮಾನಕ್ಕೆ ಎಡೆಯಿಲ್ಲ. ಮೇಜಿನ ಅಡಿಯಲ್ಲಿ ಅಂಗಾತ ಮಲಗಿ ಬ್ಯಾಟರಿ ಹಾಕಿದೆ. ಜೇಡರ ಬಲೆ, ಸೂಜಿಗಳು, ದಾರದ ಉಂಡೆಗಳು. ಗಂಟು ಇತ್ತು! ಆದರೆ ಇರಬೇಕಾದ ಜಾಗದಲ್ಲಿರಲಿಲ್ಲ, ಒಂದು ಗೇಣು ಪಕ್ಕಕ್ಕಿತ್ತು. ಕೊಂಬೆ ಓರೆಯಾಗಿ ಬೆಳೆದಿದ್ದರೆ ಗಂಟು ಹಾಗೆ ಸರಿಯಬಹುದು. ಆದರೆ ಇಷ್ಟು ತೆಳುವಾದ ಹಲಗೆಯಲ್ಲಿ ಒಂದು ಗೇಣು ಸರಿಯುವಷ್ಟು ಓರೆ ಕೊಂಬೆ ಯಾವ ಮರಕ್ಕಿರುತ್ತದೆ? ಹಾಗಾದರೆ ಇದು ಬೇರೆಯೇ ಗಂಟೇ? ಮೇಲೊಂದು ಮರ, ಕೆಳಗೊಂದು ಮರವೇ? ಸರಿಯಾಗಿ ನೋಡೋಣವೆಂದು ಹಲಗೆಗೆ ಕೆಳಗಿನಿಂದಲೇ ಅಂಗೈ ಊರಿ ಮೇಲೇಳಲು ಹೋದೆ. ಹಣೆ ಅಡ್ಡಪಟ್ಟಿಗೆ ಫಟ್ಟೆಂದು ಬಡಿಯಿತು. "ಯವ್ವಾ, ಸತ್ತೆ!" ಎಂದು ಚೀರಿದೆ.

ಚೀರಿದ ಮೇಲೆ ಗೊತ್ತಾಯಿತು ಕೈ ಎಲ್ಲಿದೆ ಎಂದು. ಆದರೆ ನಾನು ಉಸಿರು ತೆಗೆದುಕೊಳ್ಳುವ ಮೊದಲೇ ಮೇಲೆ ಧಡಾರನೆ ಸದ್ದಾಯಿತು. ಟೀಚರ್ ಬಾಗಿಲಿನಿಂದ ಓಡಿಬಂದು ಎರಡೂ ಅಂಗೈ ಮೇಜಿಗೆ ಬಡಿದು, "ಹಲ್ಲೆಲ್ಲಾ ಉದುರಿ, ಬೆನ್ನ ಬಾಗಿ, ಕಣ್ಣ ಮಂಜಾಗಿ, ಆಮ್ಯಾಲ!" ಎಂದು ಕೂಗಿ ನನ್ನ ಮಾತನ್ನು ಮುಗಿಸಿದರು. ನಾನು ಮೇಜಿನ ಕೆಳಗೆ, ಅವರು ಮೇಲೆ. ಅವರ ಸೀರೆಯ ಅಂಚು ನಡುಗುತ್ತಿರುವುದು ನನಗೆ ಕಾಣುತ್ತಿತ್ತು.

ತೆವಳಿಕೊಂಡು ಹೊರಬಂದೆ. ಇಬ್ಬರೂ ಅಂಗಳಕ್ಕೆ ಹೋಗಿ ಕಟ್ಟೆಯ ಮೇಲೆ ಕೂತೆವು. ಹಣೆಯ ಮೇಲೆ ಬುಗುಟೆ ಎದ್ದಿತ್ತು. ಟೀಚರ್ ತಣ್ಣೀರಿನ ಬಟ್ಟೆ ತಂದು ಒತ್ತಿ ಹಿಡಿದರು. "ಕೆಳಗಿಂದ ಕೈ ಇಟ್ರ ಮಾತು ಕೂಡತೈತೇನ್ರಿ?" ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ, ಯಾರೂ ಅಷ್ಟು ಕೆಳಗಿಳಿದು ಮಾತಾಡಿದ್ದು ನಾನು ಕೇಳಿರಲಿಲ್ಲ. "ಸತ್ತೆ ಅಂದ್ರಿ. ಸಾಯ್ತೀನಿ ಅನ್ಲಿಲ್ಲ," ಅಂದರು. "ಆದ್ರ ಬದುಕೀರಿ. ಹಂಗಂದ್ರ ಅದು ಗಟ್ಟಿ ಮರ ಅಲ್ಲೇನು?" ನಾನು ಬೆರಳು ಮಡಚಿ ಲೆಕ್ಕ ಹಾಕಲು ನೋಡಿದೆ. ನಾನು ಸತ್ತಿದ್ದರೆ ಗಟ್ಟಿ ಮರ. ಸಾಯದಿದ್ದರೆ ಹಾಳೆ. ಆದರೆ ಮಾತು ಆಗುವುದಕ್ಕೆ ಹೊತ್ತುಗೊತ್ತಿಲ್ಲ, ಆದ್ದರಿಂದ ಇನ್ನೂ ಸಾಯದಿರುವುದು ಯಾವುದಕ್ಕೂ ಸಾಕ್ಷಿಯಲ್ಲ. ಮೇಲಾಗಿ ಟೀಚರ್ ಮಾತು ಮುಗಿಸಿದ್ದಾರೆ, ಹಾಗಾಗಿ ಗಟ್ಟಿ ಮರವಾದರೆ ನಾನು ಹಲ್ಲು ಉದುರುವ ತನಕ ಬದುಕುತ್ತೇನೆ, ಆದರೆ ಗುರುಪಾದ ಬರುತ್ತಾನೆ. ಹಾಳೆಯಾದರೆ ಗುರುಪಾದನ ಮಾತು ಗಾಳಿಗೆ ಹೋಯಿತು, ನಾನು ನಾಳೆಯೇ ಲಾರಿಯಡಿ ಸಿಕ್ಕರೂ ಸಿಕ್ಕಬಹುದು. ನನಗೆ ಏನಾಗಬೇಕೆಂದು ನಾನು ಬಯಸುತ್ತಿದ್ದೇನೆ ಎನ್ನುವುದೂ ತಿಳಿಯದಾಯಿತು.

"ಒಂದ ಮಾತ್ನ್ಯಾಗ ಹೇಳ್ರಿ ಅಡಿವೆಪ್ಪನವರ," ಅಂದರು ಟೀಚರ್. "ಹೌದೋ, ಅಲ್ಲೋ?" ನಾನು ಅವರ ಮುಖ ನೋಡಿದೆ. ಹಾಳೆ ಅಂಟಿಸಿದ್ದು ಎಂದು ಅಂದುಬಿಟ್ಟರೆ ಮುಗಿಯಿತು. ಊರಲ್ಲಿ ನನ್ನ ಮಾತಿಗೆ ಎದುರು ಹೇಳುವವರಿಲ್ಲ. ಬಾಯಿ ತೆರೆದೆ ಕೂಡ. ಆದರೆ ಸುಳ್ಳು ಹೇಳಬೇಕಾದರೂ ಮೊದಲು ನಿಜ ಗೊತ್ತಿರಬೇಕಲ್ಲ? ಹಾಳೆ ಎಂದರೆ ಅದು ಸುಳ್ಳೋ ನಿಜವೋ ನನಗೇ ತಿಳಿಯದು. "ನಂಗ ತಿಳಿಯವಲ್ದ್ರಿ ಟೀಚರ," ಎಂದೆ. "ಇಷ್ಟ ವರ್ಷದಾಗ ಇಂಥಾ ಮೇಜು ನೋಡಿಲ್ಲ. ಒಂದ ಕಡೆಯಿಂದ ಹೌದು ಅನ್ನತೈತಿ, ಇನ್ನೊಂದ ಕಡೆಯಿಂದ ಅಲ್ಲ ಅನ್ನತೈತಿ. ಬಲಗಡೆ ಪಟ್ಟಿ ಕಿತ್ತು, ಒಂದ ತೂತು ಕೊರದು ನೋಡಿದ್ರ ತಿಳೀಬಹುದು." ಹೇಳುವಾಗ ನನಗೆ ಅಳು ಬಂದಂತಾಯಿತು, ಏಕೆಂದರೆ ಆ ತೂತಿನಲ್ಲಿ ಏನು ಕಂಡರೂ ನಾನು ತಡೆದುಕೊಳ್ಳಲಾರೆನೆನಿಸಿತು.

ಟೀಚರ್ ಒದ್ದೆ ಬಟ್ಟೆಯನ್ನು ಹಿಂಡಿ, ಬಿಡಿಸಿ, ಮತ್ತೆ ಹಿಂಡಿದರು. ಆಮೇಲೆ ನಕ್ಕರು. "ಈಗ ನಾ ಅಲ್ಲಿ ಒದರಿದ್ನಲ್ಲ," ಅಂದರು, "ಮದಿವಿ ಆಗಿ ಬಂದಾಗಿಂದ ಆ ಮೇಜಿನ ಮುಂದ ಅಷ್ಟ ದೊಡ್ಡ ದನಿಯಿಂದ ನಾ ಮಾತಾಡಿಲ್ಲ. ಅಂವ ಅಂದದ್ದ ಒಂದ ಮಾತು, ಅದನ್ನ ಕಾಯಕೋತ ನನ್ನ ಬಾಯಿ ಹೊಲಕೊಂಡ ಕೂತೆ. ನಂಗೂ ಒಂದ ಬಾಯಿ ಐತಿ ಅನ್ನೂದ ಮರತ್ನಲ್ರಿ!" ಆ ನಗುವಿನಲ್ಲಿ ಸಿಟ್ಟೂ ಇತ್ತು. ಎದ್ದವರೇ ಒಳಗೆ ಹೋದರು. ನಾನು ಹಿಂದೆ ಓಡಿದೆ.

ಅವರು ಮೇಜಿನ ಮುಂದೆ ನಿಂತು, ಬಟ್ಟೆ ಕತ್ತರಿಸುವ ಮೊದಲು ಸುಕ್ಕು ತೆಗೆಯುವ ಹಾಗೆ ಎರಡೂ ಅಂಗೈಗಳನ್ನು ಹಲಗೆಯ ಮೇಲೆ ಚೆನ್ನಾಗಿ ಹರಡಿದರು. "ಗುರುಪಾದಾ, ನೀ ಬಂದ್ರ ಬಾ," ಅಂದರು. "ನೀ ಬರೂವಾಗ ನಾ ಇಲ್ಲಿ ಇರೂದಿಲ್ಲ." ಅಷ್ಟೇ. ಕೈ ತೆಗೆದು ಸೆರಗಿಗೆ ಒರೆಸಿಕೊಂಡರು.

ನನಗೆ ಅರ್ಥವಾಗಲು ಹೊತ್ತು ಹಿಡಿಯಿತು. ಅವರೇ ಮಗುವಿಗೆ ಹೇಳುವಂತೆ ಬಿಡಿಸಿ ಹೇಳಿದರು: "ಗಟ್ಟಿ ಮರ ಇದ್ರ ಅಂವನ ಮಾತೂ ಕೂತೈತಿ, ನನ್ನ ಮಾತೂ ಕೂತೈತಿ. ಗಟ್ಟಿ ಮರ ಅಲ್ಲಂದ್ರ ಅಂವನ ಮಾತೂ ಇಲ್ಲ, ನನ್ನ ಮಾತೂ ಇಲ್ಲ. ಹೆಂಗಿದ್ರೂ ನಾ ಯಾರ ದಾರೀನೂ ಕಾಯೂದು ಉಳೀಲಿಲ್ಲ. ತೂತು ಗೀತು ಏನೂ ಬ್ಯಾಡ್ರಿ." ನಾನು ಆ ಕಡೆಯಿಂದ ಒಮ್ಮೆ, ಈ ಕಡೆಯಿಂದ ಒಮ್ಮೆ ಕೂಡಿಸಿ ನೋಡಿದೆ. ಲೆಕ್ಕ ಸರಿಯಾಗಿತ್ತು. ಇಷ್ಟು ಸರಿಯಾದ ಲೆಕ್ಕ ನನ್ನ ತಲೆಗೆ ಹೊಳೆಯಲಿಲ್ಲವಲ್ಲ ಎಂದು ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಸಂತೋಷವಾಯಿತು. ಗಲಿಬಿಲಿಯಲ್ಲಿ ಕಸುಬಿನ ಮಾತೇ ಬಾಯಿಗೆ ಬಂತು. "ಈ ಮೇಜಿಗೆ ನಾ ಏನ್ ಬೆಲಿ ಕಟ್ಟಲ್ರಿ? ಇಷ್ಟ ಮಾತು ಹೊತ್ತಿದ್ದನ್ನ ಯಾರೂ ಒಯ್ಯೂದಿಲ್ಲ." "ಒಯ್ಯೂದು ಬ್ಯಾಡ. ಮನಿ ಅಂವಂದು, ಮೇಜೂ ಅಂವಂದು. ಇಲ್ಲೇ ಇರ್ಲಿ. ಬಂದ್ರ ಚಹಾದ ಲೋಟ ಇಡಾಕ ಏನರ ಬೇಕಲ್ಲ," ಅಂದರು.

ಆಗ ನನಗೆ ಇನ್ನೊಂದು ಅನುಮಾನ ಹುಟ್ಟಿತು. ಇಲ್ಲಿ ಇರುವುದಿಲ್ಲ ಅಂದರು, ಸರಿ. ಎಲ್ಲಿ ಇರುತ್ತೇನೆ ಎಂದು ಅನ್ನಲಿಲ್ಲ. ಬೇರೆ ಊರಿಗೆ ಹೋಗುತ್ತಾರೇನೋ. ಅಣ್ಣನ ಮನೆಯೋ ಅಕ್ಕನ ಮನೆಯೋ ಇದ್ದೀತು. ಹಣೆಯ ಬುಗುಟೆ ಮುಟ್ಟಿಕೊಳ್ಳುತ್ತ ಬಾಗಿಲಲ್ಲಿ ನಿಂತೆ. ಟೀಚರ್ ಹೊಲಿಗೆಯ ಮಷಿನ್ನಿಗೆ ಮುಚ್ಚಳ ಹಾಕಿ, ಅದನ್ನು ಒಂದು ಕಡೆ ತಾವು ಹಿಡಿದು, ಇನ್ನೊಂದು ಕಡೆ ಹಿಡಿಯುವಂತೆ ನನಗೆ ಹುಬ್ಬಿನಲ್ಲೇ ಸನ್ನೆ ಮಾಡಿದರು. ಹಿಡಿದೆ. "ನೀವು ಉಣ್ಣೂ ಮೇಜು ಎಂಥಾದ್ದ್ರಿ?" ಎಂದು ಕೇಳಿದರು.

"ಪ್ಲೈವುಡ್ಡಿಂದು," ಎಂದೆ. ಇಷ್ಟು ಮರದ ನಡುವೆ ಬದುಕುವವನ ಮನೆಯಲ್ಲಿ ಅಂಥದ್ದು ಇರುವುದಕ್ಕೆ ನಾಚಿಕೆಯಿಂದ ಮೈ ಹಿಡಿಯಷ್ಟಾಗಿ, "ಒಂದ ಕಾಲ ಬ್ಯಾರೆ ಕುಂಟತೈತಿ," ಎಂದೂ ಸೇರಿಸಿದೆ.

"ಛಲೋ ಆತು," ಅಂದರು ಟೀಚರ್, ಹೊಸ್ತಿಲು ದಾಟುತ್ತ. "ಅದರ ಮ್ಯಾಲ ಕೈ ಊರಿ, ಉಣಕೋತ, ಇಷ್ಟ ವರ್ಷದ್ದೆಲ್ಲಾ ಸೇರಿಸಿ ಬಾಯಿಗೆ ಬಂದಂಗ ಬೈತೀನಿ. ನಡೀತೈತೇನು?"

ನನ್ನ ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ. "ಬೈರಿ," ಎಂದೆ. "ದಿನಾ ಬೈರಿ."